ಕಾರ್ಡು ಆಟಗಾರನ ಕೈಗೇ

ಯೂನಿಯನ್ ಸಿಟಿ
೭ ಅಕ್ಟೋಬರ್ ೨೦೨೫, ಮಂಗಳವಾರ

ಚಿರಂಜೀವಿ ತಮ್ಮ ಕೆಂಪರಾಜುವಿಗೆ ಅಕ್ಕ ಹುಚ್ಚಮ್ಮನ ಆಶೀರ್ವಾದ.

ಬರೆಯುವ ಕೆಲಸ ನನಗೆ ಆಗದು ಎಂದು ನಿನಗೆ ಗೊತ್ತು. ಐದನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನನ್ನನ್ನು ಹಿಡಿದು ಮೇಜಿನ ಮುಂದೆ ಕೂರಿಸಿದ್ದಾರೆ, ಪರೀಕ್ಷೆಗೆ ಕೂರಿಸಿದ ಹಾಗೆ. ಕೂರಿಸಿದವಳು ಪಕ್ಕದ ಮನೆಯ ಮುದುಕಿ ಇಂಗರ್. ಎದುರಿಗೆ ಕುರ್ಚಿ ಹಾಕಿಕೊಂಡು ಸ್ವೆಟರು ಹೆಣೆಯುತ್ತಿದ್ದಾಳೆ. ನಾನು ಸ್ವಲ್ಪ ಎದ್ದರೂ ಸಾಕು, "ಸಿಟ್" ಅನ್ನುತ್ತಾಳೆ, ನಾಯಿಗೆ ಹೇಳಿದ ಹಾಗೆ. ಬೆರಳು ಆಗಲೇ ಜೋಮು ಹಿಡಿದಿದೆ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಅವಳನ್ನು ಬೈದುಕೋ.

ಫೋನಿನಲ್ಲಿ ಹೇಳೋಣವೆಂದರೆ ನೀನು ಬಿಡುವುದಿಲ್ಲ. "ಊಟ ಆಯ್ತಾ ಅಕ್ಕ, ಅಲ್ಲಿ ಚಳಿನಾ" ಎಂದು ಎರಡು ಮಾತು ಕೇಳಿ ಹೆಂಡತಿಯ ಕೈಗೆ ಫೋನು ಕೊಟ್ಟುಬಿಡುತ್ತೀಯ.

ಗೌರಿ ಹಬ್ಬಕ್ಕೆ ನೀನು ಕಳಿಸಿದ ಬಳೆ, ಅರಿಶಿನ, ಕುಂಕುಮ ತಲುಪಿ ಆರು ವಾರವಾಯಿತು. ತಲುಪಿತು ಎಂದು ಒಂದು ಮಾತು ಹೇಳದೆ ಸುಮ್ಮನಿದ್ದದ್ದು ನನ್ನ ತಪ್ಪು. ನಿಮ್ಮ ಭಾವ ಹೋದ ಮೇಲೂ ನೀನು ಬಳೆ ಕಳಿಸುವುದನ್ನು ಬಿಡಲಿಲ್ಲ. ಊರಿನವರು ಏನೇನೋ ಅಂದಾಗ "ನಮ್ಮಕ್ಕನ ಕೈ, ನನ್ನ ಬಳೆ, ನಿಮಗೇನು" ಎಂದೆಯಂತೆ. ಹಸಿರು ಬಳೆ ಹಾಕಿಕೊಂಡೇ ಬರೆಯುತ್ತಿದ್ದೇನೆ. ಬರೆಯುವಾಗ ಮೇಜಿಗೆ ತಾಗಿ ಸದ್ದು ಮಾಡುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮಗೆ ಫುಟ್‌ಬಾಲ್ ಕಲಿಸಿದ ಶೇಷಾದ್ರಿ ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆಂದು ನಿನ್ನ ಮಗಳು ಬಿಂದುಶ್ರೀ ಹೇಳಿದಳು. ತೊಂಬತ್ತೊಂದು ಅವರಿಗೆ. "ಕೆಂಪನಿಗೆ ಒಂದು ಪ್ರಶ್ನೆ ಕೇಳಬೇಕು, ಕರೆದುಕೊಂಡು ಬನ್ನಿ" ಎಂದು ಎರಡು ಸಲ ಹೇಳಿಕಳಿಸಿದರಂತೆ. ನೀನು ಹೋಗಲಿಲ್ಲವಂತೆ. "ಹದಿನೈದು ವರ್ಷದ ಹುಡುಗನ ಹೆಸರನ್ನ ಆಟದ ಪಟ್ಟಿಯಿಂದ ಹೊಡೆದು ಹಾಕಿದವನ ಹೊಸಿಲನ್ನು ನಾನು ತುಳಿಯಲ್ಲ, ಅವನ ಪ್ರಶ್ನೆ ಅವನ ಹತ್ರವೇ ಇರಲಿ" ಎಂದೆಯಂತೆ.

ನೀನು ಹೋಗಬೇಕು. ಯಾಕೆ ಎಂದು ಹೇಳುವುದಕ್ಕೇ ಈ ಕಾಗದ. ಆದರೆ ಕೊನೆಯ ಹಾಳೆಯನ್ನು ಮೊದಲು ಓದಬೇಡ. ನಿನ್ನ ಬುದ್ಧಿ ನನಗೆ ಗೊತ್ತು. ಸಾಲಾಗಿ ಓದು. ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ.

ನಾನು ಇಲ್ಲಿ ಫುಟ್‌ಬಾಲ್ ಸೆಕ್ರೆಟರಿ ಆಗಿದ್ದೇನೆ. ನಗಬೇಡ.

ನಡೆದದ್ದು ಹೀಗೆ. ನಮ್ಮ ಮಗಳು ತೇಜಸ್ವಿನಿಯ ಮನೆಯ ಹತ್ತಿರ, ರೈಲು ಸ್ಟೇಷನ್ನಿನ ಹಿಂದೆ, ಒಂದು ಪಾರ್ಕಿದೆ. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಕನ್ನಡದ ಮಕ್ಕಳೆಲ್ಲ ಅಲ್ಲಿ ಫುಟ್‌ಬಾಲ್ ಆಡುತ್ತಾರೆ. ಮೊಮ್ಮಗಳು ಹಂಸಾ ಕೂಡ ಆಡುತ್ತಾಳೆ, ಅವಳಿಗೆ ಹತ್ತು ವರ್ಷ. ಅವಳ ನೀರಿನ ಬಾಟಲಿ ಕಾಯುವುದು ನನ್ನ ಕೆಲಸ. ಆಟ ಹೇಳಿಕೊಡುವವರು ಇಬ್ಬರು ಅಪ್ಪಂದಿರು. ಒಬ್ಬ ಹಾಸನದ ಲೋಹಿತ್, ಇನ್ನೊಬ್ಬ ದೇವನಹಳ್ಳಿ ಕಡೆಯ ನಾಗಾರ್ಜುನ. ಇಬ್ಬರೂ ಒಳ್ಳೆಯವರು. ಬೇರೆಬೇರೆ ಇದ್ದಾಗ.

ಮೇ ತಿಂಗಳಲ್ಲಿ ನೆವಾರ್ಕಿನ ತಂಡದ ಮೇಲೆ ಒಂದು ಪಂದ್ಯ ಇತ್ತು. ಆಡಬೇಕಾದವರು ಒಂಬತ್ತು ಜನ. ಬೂಟು ಕಟ್ಟಿಕೊಂಡು ಬಂದ ಮಕ್ಕಳು ಹತ್ತೊಂಬತ್ತು. ಲೋಹಿತ್ ಒಂದು ಪಟ್ಟಿ ಮಾಡಿದ್ದ, ನಾಗಾರ್ಜುನ ಒಂದು ಮಾಡಿದ್ದ. ಇಬ್ಬರೂ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅದರ ಕೆಳಗೆ ನೂರ ನಲವತ್ತು ಮೆಸೇಜು. ಹುಟ್ಟುಹಬ್ಬದ ಶುಭಾಶಯವೂ ಅದರಲ್ಲೇ, ಯಾರದೋ ಸೋಫಾ ಮಾರಾಟವೂ ಅದರಲ್ಲೇ. ಮೈದಾನದ ನಡುವೆ ನಿಂತು ಇಬ್ಬರೂ ಕೂಗಾಡುತ್ತಿದ್ದರು. ಹತ್ತು ಮಕ್ಕಳು ಅಳುವ ಮುಖ ಹಾಕಿಕೊಂಡು ಹುಲ್ಲು ಕೀಳುತ್ತಿದ್ದವು. ನನಗೆ ತಡೆಯಲಿಲ್ಲ, ಎದ್ದು ಹೋದೆ.

"ಬಾಯ್ಮುಚ್ರಪ್ಪ ಇಬ್ರೂ. ಆಡೋರು ಯಾರು, ನೀವಾ ಮಕ್ಕಳಾ?"

"ಆಂಟಿ, ಗ್ರೂಪಲ್ಲಿ ಕ್ಲಿಯರಾಗಿ ಹಾಕಿದ್ನಲ್ಲ" ಅಂದ ಲೋಹಿತ್.

"ಗ್ರೂಪಲ್ಲಿ ಮಕ್ಕಳು ಅವ್ರಾ?"

ಅವನು ಫೋನು ಜೇಬಿಗೆ ಇಳಿಸಿದ. ನಾಗಾರ್ಜುನ ನಗಲು ಹೊರಟ. ಅವನಿಗೂ ಒಂದು ಕೊಟ್ಟೆ. "ನೀನೇನ್ ನಗ್ತೀಯ. ಹೋದ ವಾರ ನಮ್ಮ ಹಂಸಾ ಆಫ್‌ಸೈಡು ಅಂತ ಕೂಗ್ದಲ್ಲ, ಆಫ್‌ಸೈಡು ಅಂದ್ರೆ ಏನು ಹೇಳು ನೋಡಾಣ." ಅವನು ಕೈ ಆಡಿಸಿ ಏನೋ ಹೇಳಿದ, ತಪ್ಪು ಹೇಳಿದ. ನಾನು ಡಬ್ಬಿಯಿಂದ ನಾಲ್ಕು ಕೋಡುಬಳೆ ತೆಗೆದು ಬೆಂಚಿನ ಮೇಲೆ ಸಾಲಾಗಿ ಇಟ್ಟು ತೋರಿಸಿಕೊಟ್ಟೆ. ಇವನು ಕಡೇ ಕಾವಲಿನವನು, ಇವನು ಗೋಲು ಕಾಯುವ ಗೋಲಿ, ಇವನು ಚೆಂಡು ಒದೆಯುವವನು, ಒದೆಯುವ ಗಳಿಗೆಯಲ್ಲಿ ಇವನು ಇಲ್ಲಿದ್ದರೆ ತಪ್ಪು. ನಿನಗೆ ಊಟ ತರುತ್ತಿದ್ದ ಆರು ವರ್ಷ ನಾನು ಮೈದಾನದ ಅಂಚಿನಲ್ಲಿ ಬರೀ ಕೂತಿರಲಿಲ್ಲ ಕಣೋ. ಮೇಷ್ಟ್ರು ನಿಮ್ಮ ಚಪ್ಪಲಿಗಳ ಜೊತೆ ನೀವು ಓಡಿದ ಸುತ್ತುಗಳ ಲೆಕ್ಕವನ್ನೂ ನನ್ನ ಮೇಲೇ ಬಿಡುತ್ತಿದ್ದರು.

"ಹಂಗಾದ್ರೆ ನೀವೇ ಸೆಕ್ರೆಟರಿ ಆಗ್ಬಿಡಿ ಆಂಟಿ" ಎಂದು ಲೋಹಿತ್ ಹಾಸ್ಯ ಮಾಡಿದ.

"ಆಯ್ತು, ಆದೆ. ಮೊದಲ್ನೇ ಕೆಲಸ, ಇಬ್ರೂ ಹೋಗಿ ಆ ಗೆರೆ ಆಚೆ ನಿಂತ್ಕೊಳಿ."

ಪಕ್ಕದ ಬೆಂಚಿನಲ್ಲಿ ಫ್ಲಾಸ್ಕು ಹಿಡಿದು ಕೂತಿದ್ದ ಬಿಳಿ ಮುದುಕಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಅವಳಿಗೆ ಒಂದಕ್ಷರ ಕನ್ನಡ ಬಾರದು. ಅವಳೇ ಈ ಇಂಗರ್. ಎಂಬತ್ತನಾಲ್ಕು ವರ್ಷ. ಡೆನ್ಮಾರ್ಕಿನವಳು, ನರ್ಸ್ ಆಗಿ ಇಲ್ಲಿಗೆ ಬಂದು ಅರವತ್ತು ವರ್ಷವಾಯಿತು. ನಮ್ಮ ಗೋಡೆಗೆ ಅವಳ ಗೋಡೆ ಅಂಟಿಕೊಂಡಿದ್ದರೂ ನಾಲ್ಕು ವರ್ಷದಲ್ಲಿ ನಾವು ಕೈ ಎತ್ತಿ ನಕ್ಕದ್ದು ಬಿಟ್ಟರೆ ಮಾತಾಡಿರಲಿಲ್ಲ. ಆ ದಿನ ಸಂಜೆ ಬಾಗಿಲು ತಟ್ಟಿದಳು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ.

ನನ್ನ ಇಂಗ್ಲಿಷು ಇಪ್ಪತ್ತು ಪದ. ಅವಳ ಇಂಗ್ಲಿಷು ಅವರ ದೇಶದ ಗಂಟಲಿನದು. ನಡುವೆ ದುಭಾಷಿ ಹಂಸಾ. ಈ ಮಗುವಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು. "ಅಜ್ಜಿ, ಹರ್ ಗ್ರ್ಯಾಂಡ್‌ಪಾ ವಾಸ್ ಲೈಕ್ ಯೂ" ಅಂದಳು. "ನನ್ನಂಗೆ ಅಂದ್ರೆ? ಗಂಡಸು ನನ್ನಂಗೆ ಹೆಂಗಿರ್ತಾನೆ?" ಅಂದೆ. "ಲೈಕ್... ಸಿಟ್ಟು ಸೆಕ್ರೆಟರಿ" ಅಂದಳು. ಕನ್ನಡದಲ್ಲಿ ಅವಳು ಆ ವಾರ ಆಡಿದ ಮಾತು ಅದೊಂದೇ.

ಆ ಸಿಟ್ಟು ಸೆಕ್ರೆಟರಿಯ ಕಥೆ ನಿನಗೆ ಹೇಳಲೇಬೇಕು. ಹೆಸರು ರಾಸ್ಮುಸ್. ಡೆನ್ಮಾರ್ಕಿನ ಕಡಲಂಚಿನ ಒಂದು ಸಣ್ಣ ಊರು. ಅಪ್ಪ ಹಡಗಿಗೆ ಹಗ್ಗ ಹೊಸೆಯುವವನು. ರಾಸ್ಮುಸ್ ಹನ್ನೊಂದನೇ ವಯಸ್ಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಹಗ್ಗ ಹೊಸೆಯಲು ನಿಂತ. ಕೇಳಿದ ಕೂಡಲೇ ನನಗೆ ಆ ಮನುಷ್ಯ ಹಿಡಿಸಿಬಿಟ್ಟ. ಚಿಕ್ಕಂದಿನಲ್ಲಿ ಹಡಗುಕಟ್ಟೆಯಿಂದ ಬಿದ್ದು ಎಡಗಾಲು ಎರಡು ಬೆರಳಷ್ಟು ಗಿಡ್ಡವಾಗಿತ್ತು. ರೈಲುಹಾದಿ ಹಾಕಲು ಬಂದ ಇಂಗ್ಲಿಷಿನವರು ಸಂಜೆ ಹೊತ್ತು ಚೆಂಡು ಒದೆಯುತ್ತಿದ್ದರಂತೆ. ಊರಿನ ಹುಡುಗರೆಲ್ಲ ಸೇರಿಕೊಂಡರು. ಇವನಿಗೆ ಓಡಲು ಆಗದು, ಕೋಟುಗಳನ್ನು ಹಿಡಿದುಕೊಂಡು ನಿಲ್ಲುತ್ತಿದ್ದ.

ನಿಂತವನಿಗೆ ಎಲ್ಲ ಕಾಣುತ್ತದೆ. ಒಂದು ದಿನ ಮೈದಾನ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಎಂದು ಅವನಿಗೆ ಕಂಡಿತಂತೆ. ಹಗ್ಗದವನಲ್ಲವೇ, ಮನೆಯಿಂದ ಹಗ್ಗ ತಂದು ಅಳತೆ ಮಾಡಿ ಗೆರೆ ಎಳೆದ. ಅಲ್ಲಿಂದ ಶುರು. ಆ ಕಾಲದಲ್ಲಿ ಊರಿಗೊಂದು ನಿಯಮ. ಒಂದು ಊರಿನಲ್ಲಿ ಚೆಂಡು ಕೈಯಲ್ಲಿ ಹಿಡಿದು ಓಡಬಹುದು, ಇನ್ನೊಂದರಲ್ಲಿ ಹದಿನಾಲ್ಕು ಜನ ಆಡಬಹುದು. ಪಂದ್ಯ ಮುಗಿಯುವ ಹೊತ್ತಿಗೆ ಹೊಡೆದಾಟ. ರಾಸ್ಮುಸ್ ಹತ್ತು ಊರು ಅಲೆದು, ಬೈದು, ಬೈಸಿಕೊಂಡು, ಎಲ್ಲರನ್ನೂ ಒಂದು ಮೇಜಿಗೆ ಕೂರಿಸಿ ಹತ್ತೂ ಊರಿಗೆ ತಾನೇ ಸೆಕ್ರೆಟರಿಯಾದ. ಮೀನಿನ ಗೋದಾಮಿನಲ್ಲಿ ಮೊದಲ ಸಭೆ. ವಾಸನೆ ತಡೆಯಲಾರದೆ ಎಲ್ಲರೂ ಬೇಗ ಬೇಗ ಒಪ್ಪಿಕೊಂಡರಂತೆ. ಆ ಜಾಗ ಅವನು ಬೇಕೆಂದೇ ಆರಿಸಿದ್ದು ಅನ್ನುತ್ತಾಳೆ ಇಂಗರ್.

ಆಮೇಲೆ ರಾಜಧಾನಿಯ ದೊಡ್ಡ ಸಂಘದ ಸಭೆಗೆ ಹೋದ. ಹಡಗಿನಲ್ಲಿ ಹೋಗಬೇಕು, ಊಟದ ಗಂಟು ಕಟ್ಟಿಕೊಂಡೇ ಹೋಗುತ್ತಿದ್ದ. ಅಲ್ಲಿ ಎತ್ತರದ ಟೋಪಿಯ ದೊಡ್ಡ ಮನುಷ್ಯರು ನಮ್ಮನ್ನೂ ಸೇರಿಸಿಕೊಳ್ಳಿ ಎನ್ನುವ ಇವನ ಅರ್ಜಿ ಓದಿ, ಬರವಣಿಗೆ ನೋಡಿ ನಕ್ಕರಂತೆ. ಇವನು ಎದ್ದು ನಿಂತು, "ನನ್ನ ಅಕ್ಷರ ಸೊಟ್ಟ ಇರಬಹುದು, ನಿಮ್ಮ ಮೈದಾನ ಸೊಟ್ಟ ಇದೆ. ಬರುವಾಗ ಅಳೆದುಕೊಂಡು ಬಂದೆ" ಅಂದನಂತೆ. ಕೋಟಿನೊಳಗಿಂದ ಹಗ್ಗ ತೆಗೆದು ಮೇಜಿನ ಮೇಲೆ ಹಾಕಿದನಂತೆ. ಎಲ್ಲರೂ ಹೋಗಿ ಅಳೆದರೆ ಮೂರು ಗಜ ತಪ್ಪು. ಅಂದಿನಿಂದ ಮೂವತ್ತೊಂದು ವರ್ಷ ಅವನನ್ನು ಸೆಕ್ರೆಟರಿ ಪದವಿಯಿಂದ ಇಳಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಅವನ ಮದುವೆಯ ದಿನ ಚರ್ಚಿನ ಬಾಗಿಲಿಗೆ ಎರಡು ತಂಡ ಬಂದವಂತೆ, ಬೆಳಿಗ್ಗೆ ಹೊಡೆದದ್ದು ಗೋಲೋ ಅಲ್ಲವೋ ಎಂದು. ಹೆಣ್ಣನ್ನು ನಿಲ್ಲಿಸಿ ಇವನು ಹೊರಗೆ ಹೋಗಿ ಅರ್ಧ ಗಂಟೆ ಪಂಚಾಯ್ತಿ ಮಾಡಿದ. ಅವಳು ಕಾದು ಕಾದು ಹೂಗುಚ್ಛ ಹಿಡಿದುಕೊಂಡೇ ಹೊರಗೆ ಬಂದು ಎರಡೂ ಕಡೆಯವರನ್ನು ಕೇಳಿ, "ಗೋಲಲ್ಲ, ನಡಿ ಒಳಗೆ" ಅಂದಳಂತೆ. ಅವಳ ತೀರ್ಪು ಇವತ್ತಿಗೂ ಸಂಘದ ಪುಸ್ತಕದಲ್ಲಿದೆಯಂತೆ. ಇದನ್ನು ಕೇಳಿ ನಾನು ನಮ್ಮ ಮದುವೆಯ ಕಥೆ ಹೇಳಿದೆ. ನೀನು ಭಾವನ ಕಾಲು ತೊಳೆಯಲು ಕೂತು ಬಿಕ್ಕಿ ಬಿಕ್ಕಿ ಅತ್ತದ್ದು, "ಚೊಂಬಿನ ನೀರು ಬ್ಯಾಡ ಬಿಡಿ, ಬಾಮೈದನ ಕಣ್ಣೀರೇ ಸಾಕು" ಎಂದು ನಿಮ್ಮ ಭಾವ ಅಂದದ್ದು, ಚಪ್ಪರವೆಲ್ಲ ನಕ್ಕದ್ದು. ಹಂಸಾ ಅದನ್ನು ಇಂಗ್ಲಿಷು ಮಾಡಿದಳು. ಇಂಗರ್ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ನರ್ಸು ಕೆಲಸ ಮಾಡಿದವಳ ಕಣ್ಣು.

ಆ ತಗಡಿನ ಪೆಟ್ಟಿಗೆಯ ತುಂಬ ಕಾರ್ಡುಗಳು, ಅವನು ಸತ್ತ ಮೇಲೆ ಆಟಗಾರರು ಮನೆಗೆ ತಂದುಕೊಟ್ಟವು. ಪಂದ್ಯಕ್ಕೆ ಆಯ್ಕೆಯಾದ ಪ್ರತಿಯೊಬ್ಬ ಆಟಗಾರನಿಗೂ ರಾಸ್ಮುಸ್ ಕೈಯಾರೆ ಒಂದು ಕಾರ್ಡು ಬರೆಯುತ್ತಿದ್ದ. ಅಂಚೆಗೆ ಹಾಕುತ್ತಿರಲಿಲ್ಲ. ಕುಂಟುಗಾಲಿನಲ್ಲಿ ನಡೆದು ಹೋಗಿ ಕೊಡುತ್ತಿದ್ದ. ಆಟಗಾರನ ಕೈಗೇ. ಅಪ್ಪ ಬಾಗಿಲಿಗೆ ಬಂದು ಕೊಡಿ ಅಂದರೆ ಕೊಡುತ್ತಿರಲಿಲ್ಲ. ಹೆಂಡತಿ ಕೇಳಿದರೆ ಕೊಡುತ್ತಿರಲಿಲ್ಲ. ಹುಡುಗ ದೋಣಿಯಲ್ಲಿದ್ದಾನೆ ಎಂದರೆ ದೋಣಿ ಬರುವತನಕ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಇಂಗರ್ ಒಂದು ಕಾರ್ಡು ಓದಿದಳು. "ಭಾನುವಾರ ಎರಡು ಗಂಟೆ. ನೀನು ಎಡಗಡೆ. ಉಗುರು ಕತ್ತರಿಸಿಕೊಂಡು ಬಾ. ಹೋದ ಸಲದ ದೂರು ಇನ್ನೂ ಮುಗಿದಿಲ್ಲ."

"ಕೈಗೇ ಯಾಕೆ?" ಎಂದು ಹಂಸಾಳಿಂದ ಕೇಳಿಸಿದೆ.

ಇಂಗರ್ ಭುಜ ಕುಣಿಸಿದಳು. ಮಗುವಾಗಿದ್ದಾಗ ಅವಳೂ ಕೇಳಿದ್ದಳಂತೆ. "ಓಡುವವನು ಯಾರೋ ಕಾರ್ಡು ಅವನದು" ಎಂದಷ್ಟೇ ಹೇಳಿದ್ದನಂತೆ.

ಮುದುಕ ಸತ್ತಾಗ ಅವನು ಜಗಳ ಬಿಡಿಸಿದ ಎರಡು ಊರಿನ ಆಟಗಾರರು ಹೆಣ ಹೊರಲು ಬಂದು, ಮುಂದೆ ಯಾರು ಹಿಂದೆ ಯಾರು ಎಂದು ಸ್ಮಶಾನದ ಬಾಗಿಲಲ್ಲಿ ಜಗಳಕ್ಕೆ ನಿಂತರಂತೆ. ಅರ್ಧ ದಾರಿಗೆ ಜಾಗ ಬದಲಾಯಿಸಿಕೊಂಡರಂತೆ, ಪಂದ್ಯದ ಹಾಗೆಯೇ. ಹೀಗೆ ಸಾಯಬೇಕು ನೋಡು ಮನುಷ್ಯ.

ಮಾರನೇ ಭಾನುವಾರದಿಂದ ನಾನೂ ಅದನ್ನೇ ಹಿಡಿದೆ. ಪಟ್ಟಿ ಒಂದೇ. ಲೋಹಿತ್, ನಾಗಾರ್ಜುನ ಇಬ್ಬರೂ ನನ್ನ ಮುಂದೆ ಕೂತು ಮಾಡಬೇಕು. ದಪ್ಪ ಕಾಗದ ಕತ್ತರಿಸಿ ಕಾರ್ಡು ಮಾಡುತ್ತೇನೆ. ಹೆಸರು ನಾನು ಕನ್ನಡದಲ್ಲಿ ಬರೆಯುತ್ತೇನೆ, ಕೆಳಗೆ ಹಂಸಾ ಇಂಗ್ಲಿಷಿನಲ್ಲಿ ಬರೆದು ಮೂಲೆಯಲ್ಲಿ ಒಂದು ಸಣ್ಣ ಚೆಂಡಿನ ಚಿತ್ರ ಬಿಡಿಸುತ್ತಾಳೆ. "ವೈ ದ ಬಾಲ್, ಅಜ್ಜಿ? ಅವ್ರ ಕಾರ್ಡಲ್ಲಿ ಇಲ್ಲ" ಎಂದು ಕೇಳಿದಳು. "ಇರ್ತದೆ, ಬರಿ" ಅಂದೆ. ಮಕ್ಕಳು ಸಾಲಾಗಿ ನಿಲ್ಲುತ್ತವೆ. ನಾನು ಕೈಗೇ ಕೊಡುತ್ತೇನೆ. ಈ ಸಲ ಹೆಸರು ಬಾರದವರನ್ನು ಪಕ್ಕಕ್ಕೆ ಕರೆದು ನಾನೇ ಹೇಳುತ್ತೇನೆ, ಯಾಕೆ ಬಂದಿಲ್ಲ, ಮುಂದಿನ ಸಲ ಏನು ಮಾಡಬೇಕು ಎಂದು. ಅಳುವವರು ಒಂದು ಕೋಡುಬಳೆ ತಿಂದು ಅಳು ನಿಲ್ಲಿಸುತ್ತಾರೆ. ಮಕ್ಕಳು ತಮ್ಮ ಹೆಸರು ಕನ್ನಡದಲ್ಲಿ ಓದಲು ಕಲಿತವು ನೋಡು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಎರಡು ವರ್ಷಕ್ಕೆ ಆಗದ್ದು ಎರಡು ತಿಂಗಳಿಗೆ ಆಯಿತು. ಕಾರ್ಡುಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ. ಲೋಹಿತ್ ಬಂದು ಗುಟ್ಟಾಗಿ, "ಆಂಟಿ, ನಂಗೂ ಒಂದು ಬರ್ಕೊಡಿ, ಕೋಚ್ ಅಂತ" ಎಂದ. ಬರೆದುಕೊಟ್ಟೆ. ಉಗುರು ಕತ್ತರಿಸಿಕೊಂಡು ಬಾ ಎಂದೂ ಬರೆದೆ.

ಇನ್ನು ಮಾರ್ಗನ್ ಹಿಲ್ಲಿನ ವಿಷಯ. ಅದೇ ಮುಖ್ಯ, ಗಮನವಿಟ್ಟು ಓದು.

ಅಲ್ಲಿನ ತಂಡದವರು ನಮ್ಮನ್ನು ದೊಡ್ಡ ಪಂದ್ಯಕ್ಕೆ ಕರೆದರು. ನಮ್ಮ ಗೋಲಿ ಮೈಥಿಲಿ ಎನ್ನುವ ಹುಡುಗಿ, ಹನ್ನೊಂದು ವರ್ಷ, ಕಡ್ಡಿಯ ಹಾಗಿದ್ದಾಳೆ. ಆದರೆ ಚೆಂಡು ಬಂದರೆ ಬೆಕ್ಕಿನ ಹಾಗೆ ಹಾರುತ್ತಾಳೆ. ಅವಳಮ್ಮ ವೇದವತಿ ಮೈಸೂರಿನವಳು, ಡಾಕ್ಟರು. ಪಟ್ಟಿ ಮಾಡಿದ ಭಾನುವಾರ ಮೈಥಿಲಿಗೆ ಜ್ವರ, ಬಂದಿರಲಿಲ್ಲ. ಎರಡು ದಿನ ಬಿಟ್ಟು ಗ್ರೋಸರಿ ಅಂಗಡಿಯಲ್ಲಿ ವೇದವತಿ ಸಿಕ್ಕಳು. ಕಾರ್ಡು ನನ್ನ ಚೀಲದಲ್ಲೇ ಇತ್ತು. ಮಂಡಿ ನೋಯುತ್ತಿತ್ತು, ಅವರ ಮನೆಗೆ ಯಾರು ನಡೆಯುವುದು ಎಂದು ಅವಳ ಕೈಗೇ ಕೊಟ್ಟುಬಿಟ್ಟೆ. ನಿಯಮ ಮಾಡಿದವಳೂ ನಾನೇ, ಮುರಿದವಳೂ ನಾನೇ.

ಮುಂದಿನ ಭಾನುವಾರ ಮೈಥಿಲಿ ಬಂದಳು. ಆಡಲು ಬರಲಿಲ್ಲ, ತಮ್ಮನನ್ನು ಬಿಡಲು ಬಂದವಳು ಬೇಲಿಯ ಹತ್ತಿರ ನಿಂತಿದ್ದಳು. ಕೈಗವಸು ಯಾಕೆ ಹಾಕಿಕೊಂಡಿಲ್ಲ ಎಂದೆ. ಬೂಟು ನೋಡುತ್ತಾ, "ಐ ಡಿಡಂಟ್ ಮೇಕ್ ಇಟ್, ಅಜ್ಜಿ. ಇಟ್ಸ್ ಓಕೆ" ಅಂದಳು. ಹಂಸಾ ಅರ್ಥ ಹೇಳಬೇಕಾಗಿರಲಿಲ್ಲ. ಆ 'ಇಟ್ಸ್ ಓಕೆ' ಇದೆಯಲ್ಲ, ಅದೇ ರಾಗ, "ಹೋಗ್ಲಿ ಬಿಡಕ್ಕ" ಎಂದು ನೀನು ಒಂದು ಸಲ ಅಂದಿದ್ದೆ. ಅಂದವನು ಆಮೇಲೆ ಚೆಂಡು ಮುಟ್ಟಲಿಲ್ಲ. ದಾರಿಯಲ್ಲಿ ಮೇಷ್ಟ್ರು ಎದುರಾಗಿ ಬಾಯಿ ತೆರೆದರೆ ನೀನು ಉಗಿದು ಆಚೆ ಬದಿಗೆ ಹೋದೆ.

ಆ ಕ್ಷಣವೇ ನಾನು ವೇದವತಿಯ ಮನೆಗೆ ಹೋದೆ. ಮಂಡಿ ನೋವು ಎಲ್ಲಿ ಹೋಯಿತೋ.

"ಕಾರ್ಡು ಎಲ್ಲಿ?"

ಅವಳ ಮುಖ ಕೆಂಪಾಯಿತು. "ಅಮ್ಮ, ಆ ಶನಿವಾರ ಮ್ಯಾತ್ ಕಾಂಪಿಟಿಷನ್ ಇದೆ. ಒಂದು ವರ್ಷದಿಂದ ತಯಾರಿ ಮಾಡಿದಾಳೆ. ಸೆಲೆಕ್ಟ್ ಆಗಿದೀಯ ಅಂದ್ರೆ ಅದನ್ನ ಬಿಡ್ತೀನಿ ಅಂತಾಳೆ. ಹೇಳದೇ ಇದ್ರೆ ಅವಳಿಗೂ ನೋವಿಲ್ಲ, ನಮಗೂ ಜಗಳ ಇಲ್ಲ ಅಂತ..."

"ನೋವಿಲ್ವಾ? ಹೋಗಿ ಬೇಲಿ ಹತ್ರ ನೋಡು."

"ನನ್ನ ಮಗಳು ಅವಳು. ಒಳ್ಳೇದು ಯಾವುದು ಅಂತ ನಂಗೊತ್ತಿಲ್ವಾ? ನೀವ್ಯಾರು ಕೇಳೋಕೆ?"

"ನಾನು ಸೆಕ್ರೆಟರಿ" ಅಂದೆ. "ಆ ಕಾರ್ಡು ನಿಂದಲ್ಲ. ಇನ್ನೊಬ್ಬರ ಹೆಸರಿನ ಕಾರ್ಡನ್ನ ಬಚ್ಚಿಡೋಕೆ ನಿಂಗೆ ಯಾವಳು ಹಕ್ಕು ಕೊಟ್ಟಳು? ನಾಳೆ ಆ ಮಗು ಜೀವಮಾನ ಎಲ್ಲ ನಾನು ಸಾಲದೇ ಹೋದೆ ಅಂತ ತಿಳ್ಕೊಂಡು ಬದುಕ್ತದೆ, ಅದನ್ನ ನೋಡ್ಕೊಂಡು..."

ಅಲ್ಲಿಗೆ ನನ್ನ ಮಾತು ನನಗೇ ಕೇಳಿಸಿತು. ಅವರ ಮನೆಯ ಸೋಫಾದ ಮೇಲೆ ಕುಸಿದು ಕೂತೆ. ಹುಚ್ಚಮ್ಮ ಬೈಯುತ್ತಾ ಬೈಯುತ್ತಾ ನಿಲ್ಲಿಸಿದ್ದು ಅದೇ ಮೊದಲು. ವೇದವತಿ ಹೆದರಿ ಓಡಿ ಬಂದು ನಾಡಿ ಹಿಡಿದಳು, ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. "ಎದೆ ನೋವಾಗ್ತಿದೆಯಾ ಅಮ್ಮ?" ಎಂದಳು. "ಆಗ್ತದೆ, ನೀನು ತಿಳ್ಕೊಂಡಂಗಲ್ಲ" ಅಂದೆ. ನೀರು ಕೊಟ್ಟಳು. ಕುಡಿದೆ. ಆಮೇಲೆ ಅವಳೇ ಎದ್ದು ಕೈಚೀಲದಿಂದ ಕಾರ್ಡು ತೆಗೆದಳು. ಹರಿದು ಹಾಕಿರಲಿಲ್ಲ, ಮಡಿಸಿಯೂ ಇರಲಿಲ್ಲ. ಒಳ್ಳೆಯ ಹೆಂಗಸು. ಚಪ್ಪಲಿ ಹಾಕಿಕೊಂಡು ಪಾರ್ಕಿಗೆ ನಡೆದು ಹೋಗಿ ಮಗಳ ಕೈಗೆ ಕೊಟ್ಟು, "ಸಾರಿ ಪುಟ್ಟ, ಇದು ನಿಂದು, ನಾನು ಇಟ್ಕೊಂಡಿದ್ದೆ. ಎರಡರಲ್ಲಿ ಯಾವುದು ಅಂತ ನೀನೇ ಹೇಳು" ಅಂದಳಂತೆ. ಅಷ್ಟೇ. ಅಷ್ಟು ಸುಲಭದ ಕೆಲಸ ಅದು.

ಮೊನ್ನೆ ಶನಿವಾರ ಮಾರ್ಗನ್ ಹಿಲ್ಲಿಗೆ ಏಳು ಕಾರುಗಳಲ್ಲಿ ಹೋದೆವು. ಫ್ರೀವೇ ಮೇಲೆ ನಮ್ಮ ಕಾರಿನಲ್ಲಿ ಪುಳಿಯೋಗರೆ ವಾಸನೆ, ಇಂಗರಳ ಫ್ಲಾಸ್ಕಿನ ಕಾಫಿ ವಾಸನೆ. ಹಂಸಾ ಕಿಟಕಿ ತೆರೆಯಬೇಡಿ, ಹೀಗೇ ಇರಲಿ ಅಂದಳು. ಪಂದ್ಯ ಸೋತೆವು, ನಾಲ್ಕು ಒಂದು. ಆದರೆ ಕೇಳು, ಮೈಥಿಲಿ ಒಂದು ಪೆನಾಲ್ಟಿಯನ್ನು ಮುಖದಲ್ಲಿ ತಡೆದಳು. ಮೂಗಿನಲ್ಲಿ ರಕ್ತ, ಬಾಯಿ ತುಂಬ ನಗು. ಗೆರೆಯ ಆಚೆಯಿಂದ ಅವಳಮ್ಮ ಹತ್ತಿ ಹಿಡಿದುಕೊಂಡು ಓಡಿ ಬಂದಳು. "ಡಾಕ್ಟರಮ್ಮ, ನಿಮ್ಗೆ ಕಾರ್ಡು ಕೊಟ್ಟಿಲ್ಲ, ಗೆರೆ ದಾಟಂಗಿಲ್ಲ" ಅಂದೆ. ಆ ಕಡೆಯವರೂ ನಕ್ಕರು, ಯಾಕೆ ಎಂದು ಗೊತ್ತಿಲ್ಲದೆ. ನಮ್ಮ ಒಂದು ಗೋಲು ಹಂಸಾಳದು. ಬೆನ್ನು ತಿರುಗಿಸಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಗ ಚೆಂಡು ಅವಳ ಬೆನ್ನಿಗೆ ಬಡಿದು ಒಳಗೆ ಹೋಯಿತು. ಅವಳು ಅದನ್ನು ಬೇಕೆಂದೇ ಮಾಡಿದೆ ಎಂದು ಇವತ್ತಿಗೂ ವಾದಿಸುತ್ತಾಳೆ. ಆಮೇಲೆ ಎರಡೂ ತಂಡ ಮರದ ಕೆಳಗೆ ಕೂತು ಪುಳಿಯೋಗರೆ ತಿಂದವು. ಮಾರ್ಗನ್ ಹಿಲ್ಲಿನ ಬಿಳಿ ಹುಡುಗಿಯೊಬ್ಬಳು ನಾಲ್ಕು ಸಲ ಹಾಕಿಸಿಕೊಂಡು, ನಮಗೂ ಮುಂದಿನ ಸಲ ಕಾರ್ಡು ಬೇಕು ಎಂದು ಕೇಳಿದಳು. ಗಣಿತದ ಸ್ಪರ್ಧೆ ಏನಾಯಿತು ಎಂದು ಕೇಳುತ್ತೀಯೇನೋ. ಅದು ಮುಂದಿನ ವರ್ಷವೂ ಇದೆಯಂತೆ.

ವಾಪಸ್ಸು ಬರುವಾಗ ಇಂಗರ್ ನನ್ನ ಪಕ್ಕ ಕೂತಿದ್ದಳು. ಹಂಸಾ ನಿದ್ದೆ ಮಾಡಿಬಿಟ್ಟಿದ್ದಳು, ದುಭಾಷಿ ಇಲ್ಲ. ನನ್ನ ಇಪ್ಪತ್ತು ಪದದಲ್ಲಿ ನಾನು ಅವಳಿಗೆ ಒಂದು ವಿಷಯ ಹೇಳಿದೆ. ಮೈ ಬ್ರದರ್, ಕಾರ್ಡ್, ಮೇಷ್ಟ್ರು, ಹೀಗೆ ಒಂದೊಂದೇ ಪದ. ಐವತ್ತಮೂರು ವರ್ಷದಲ್ಲಿ ಯಾರಿಗೂ ಹೇಳದ್ದು. ಅವಳಿಗೆ ಎಲ್ಲವೂ ಅರ್ಥವಾಯಿತು. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ರೈಟ್ ಟು ಹಿಮ್" ಅಂದಳು. ನಿನ್ನೆ ಬಂದು ಪೆನ್ನು ಕೊಟ್ಟಳು, ಇವತ್ತು ಕಾವಲು ಕೂತಿದ್ದಾಳೆ.

ನಮ್ಮ ಮಹಡಿಯ ಮೇಲಿನ ಸುಜಯ್ ದೀಪಾವಳಿಗೆ ಮಂಡ್ಯಕ್ಕೆ ಬರುತ್ತಿದ್ದಾನೆ, ನಾಡಿದ್ದು ಹೊರಡುತ್ತಾನೆ. ಈ ಕಾಗದ ಅವನೇ ತರುತ್ತಾನೆ. ನಿನ್ನ ಹೆಂಡತಿಯ ಕೈಗಲ್ಲ, ಬಿಂದುಶ್ರೀಯ ಕೈಗಲ್ಲ, ನೀನು ಗದ್ದೆಗೆ ಹೋಗಿದ್ದರೆ ಬರುವತನಕ ಜಗಲಿಯ ಮೇಲೆ ಕೂತಿದ್ದು ನಿನ್ನ ಕೈಗೇ ಕೊಡಬೇಕು ಎಂದು ಆಣೆ ಇಟ್ಟು ಹೇಳಿದ್ದೇನೆ. ಅವನಿಗೆ ಊಟ ಹಾಕಿ ಕಳಿಸು.

ನಿನ್ನ ಹೆಂಡತಿಗೆ ನೆನಪು ಹೇಳು. ಬಿಂದುಶ್ರೀಗೆ ಒಳ್ಳೆಯದಾಗಲಿ. ನಿನ್ನ ಕಾಲಿನ ಕೀಲು ಗಟ್ಟಿಯಾಗಿರಲಿ, ಕಣ್ಣು ಚೆನ್ನಾಗಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ. ನಾಲ್ಕು ವರ್ಷದ ಕೂಸನ್ನು ನನ್ನ ಮಡಿಲಿಗೆ ಹಾಕಿ ಅವ್ವ ಹೋದಳು. ನಿನ್ನನ್ನು ಬೆಳೆಸಿದ ಕೈಯಿಂದಲೇ ಹರಸುತ್ತಿದ್ದೇನೆ.

ಇಂತಿ ನಿನ್ನ ಅಕ್ಕ
ಹುಚ್ಚಮ್ಮ

ಸಹಿ ಹಾಕಿದ ಮೇಲೆ ಬರೆದದ್ದು:

ಕೆಂಪ, ಮೇಷ್ಟ್ರು ನಿನ್ನ ಹೆಸರು ಹೊಡೆದು ಹಾಕಲಿಲ್ಲ. ಕಾರ್ಡು ಬಂದಿತ್ತು.

ಎಪ್ಪತ್ತೆರಡನೇ ಇಸವಿ, ಮೇ ತಿಂಗಳ ಮೊದಲ ವಾರ. ನೀನು ಎಮ್ಮೆ ಮೀಯಿಸಲು ನಾಲೆಗೆ ಹೋಗಿದ್ದೆ, ಅಪ್ಪಯ್ಯ ಗದ್ದೆಯಲ್ಲಿದ್ದರು. ಪೋಸ್ಟಿನವನು ನನ್ನ ಕೈಗೆ ಕೊಟ್ಟ. ಬೆಂಗಳೂರಿನ ಶಿಬಿರಕ್ಕೆ ನೀನು ಆಯ್ಕೆಯಾಗಿದ್ದೀಯ, ಹನ್ನೆರಡನೇ ತಾರೀಖು ಹೊರಡಬೇಕು, ಒಂದು ತಿಂಗಳು ಎಂದು ಮೇಷ್ಟ್ರ ದುಂಡು ಅಕ್ಷರ. ಮೂಲೆಯಲ್ಲಿ ಸಣ್ಣ ಚೆಂಡಿನ ಚಿತ್ರ. ನನ್ನ ಮದುವೆ ಹದಿನಾಲ್ಕಕ್ಕೆ. ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು, ಒಮ್ಮೆ ಅಜ್ಜಿ ಸತ್ತು, ಒಮ್ಮೆ ಅಪ್ಪಯ್ಯನ ಕಾಲು ಮುರಿದು. ಭಾವನ ಕಾಲು ತೊಳೆಯಲು ನಿನ್ನ ಬಿಟ್ಟರೆ ಮನೆಯಲ್ಲಿ ಗಂಡು ಮಗುವಿರಲಿಲ್ಲ. ಕಾರ್ಡು ನೋಡಿದ್ದರೆ ಅಪ್ಪಯ್ಯ ಮದುವೆಯನ್ನು ಮೂರನೇ ಸಲ ಮುಂದಕ್ಕೆ ಹಾಕುತ್ತಿದ್ದರು, ನಿನ್ನ ಆಟದ ಮೇಲೆ ಅವರಿಗೆ ಅಷ್ಟು ಹುಚ್ಚು. ಗಂಡಿನ ಕಡೆಯವರು ಕಾಯುತ್ತಿರಲಿಲ್ಲ. ನನಗೆ ಇಪ್ಪತ್ತೊಂದು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಕಾರ್ಡನ್ನು ಒಲೆಗೆ ಹಾಕಿದೆ.

ನೀನು ಕಾಲು ತೊಳೆಯುತ್ತಾ ಅತ್ತೆ. ಅಕ್ಕ ಹೊರಟಳೆಂದು ಅಳುತ್ತಾನೆ ಎಂದು ಚಪ್ಪರವೆಲ್ಲ ನಕ್ಕಿತು. ನೀನು ಯಾತಕ್ಕೆ ಅಳುತ್ತೀಯ ಎಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನೂ ನಕ್ಕೆ.

ಮೇಷ್ಟ್ರು ಕೇಳಬೇಕೆಂದಿರುವುದು "ಯಾಕೋ ಬರಲಿಲ್ಲ" ಎಂದೇ ಇರಬೇಕು. ಬೇರೆ ಏನಿರುತ್ತದೆ. ಈ ಹಾಳೆಯನ್ನು ತೆಗೆದುಕೊಂಡು ಹೋಗಿ ಅವರಿಗೆ ಓದಿ ಹೇಳು. ನನ್ನ ಹೆಸರು ಮುಚ್ಚಬೇಡ. ಮುಂದಿನ ಗೌರಿಗೆ ಬಳೆ ಕಳಿಸುವುದು ಬಿಡುವುದು ನಿನಗೆ ಬಿಟ್ಟದ್ದು, ನಾನು ಕೇಳುವುದಿಲ್ಲ. ಮೇಷ್ಟ್ರ ಮನೆಗೆ ಮಾತ್ರ ಹೋಗು.

ಸುಜಯ್ ಇಪ್ಪತ್ತೈದಕ್ಕೆ ಅಲ್ಲಿಂದ ಹೊರಡುತ್ತಾನೆ. ಬೈಗುಳವಾದರೆ ಬೈಗುಳ, ಇಪ್ಪತ್ತನಾಲ್ಕನೇ ತಾರೀಖಿನೊಳಗೆ ಉತ್ತರ ಬರೆದು ಅವನ ಕೈಗೆ ಕೊಡು.